ಸಿಡಿದದ್ದು, ಸಿಡಿಸಿದ್ದು

ಕೋರ್ಟಿನಿಂದ ಬಂದ ಕಾಗದದಲ್ಲಿ ಹೀಗೆ ಬರೆದಿತ್ತು. ದೀಪಾವಳಿ ಹಬ್ಬದ ದಿನ ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ, ಸರ್ಕಾರ ಗೊತ್ತುಮಾಡಿದ ಹೊತ್ತಿಗಿಂತ ಮುಂಚೆ, ಪೋರೂರಿನ ಒಂದು ಬೀದಿಯಲ್ಲಿ, ಭೀಮಾಬಾಯಿ, ವಯಸ್ಸು ನಲವತ್ತಾರು, ಪಟಾಕಿ ಸಿಡಿಸಿದಳು.

ಭೀಮಾಬಾಯಿ ಆ ಬೀದಿಯ ಕಸ ಗುಡಿಸುವವಳು. ಪಟಾಕಿ ಅವಳ ಕೈಯಲ್ಲಿ ಸಿಡಿದಿತ್ತು. ಬಲಗೈಯ ಹೆಬ್ಬೆರಳು ಅರ್ಧ ಹೋಗಿತ್ತು. ತೋರುಬೆರಳು, ನಡುಬೆರಳು ಪೂರ್ತಿ ಹೋಗಿದ್ದವು. ಕಾಗದದಲ್ಲಿ ಬೆರಳುಗಳ ಸುದ್ದಿ ಇರಲಿಲ್ಲ.

ಕಾಗದವನ್ನು ಮಗಳು ಜ್ಯೋತಿ ಓದಿ ಹೇಳಿದಳು. ಭೀಮಾಬಾಯಿ ಕೇಳಿದಳು. ಇನ್ನೊಮ್ಮೆ ಓದು ಅನ್ನಲಿಲ್ಲ. ಎಡಗೈಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು, ಆರಿಸುತ್ತಲೇ ಇದ್ದಳು.

ಹಬ್ಬಕ್ಕೆ ಎಂಟು ದಿನ ಮುಂಚೆ ಸೂಪರ್‌ವೈಸರ್ ಬಾಬು ಎಲ್ಲ ಹೆಂಗಸರನ್ನೂ ವಾರ್ಡಿನ ಶೆಡ್ಡಿನ ಮುಂದೆ ನಿಲ್ಲಿಸಿದ್ದ. ಬಾಬು ಕಂಟ್ರಾಕ್ಟಿನವನ ಕಡೆಯವನು. ನೀಲಿ ಅಂಗಿ, ಕೈಯಲ್ಲಿ ಎರಡು ಫೋನು. ತಮಿಳಿನಲ್ಲಿ ಓದಿ ಹೇಳಿದ. ಬೆಳಿಗ್ಗೆ ಆರರಿಂದ ಏಳು, ಸಂಜೆ ಏಳರಿಂದ ಎಂಟು, ಅಷ್ಟೇ ಪಟಾಕಿ. ಪಟಾಕಿ ಕಸವನ್ನು ಬೇರೆ ಕಸದ ಜೊತೆ ಬೆರೆಸಬಾರದು, ಅದಕ್ಕೆ ಬೇರೆ ಚೀಲ. ಸಿಡಿಯದೆ ಉಳಿದದ್ದನ್ನು ಕೈಯಿಂದ ಆರಿಸಿ ಇನ್ನೊಂದು ಚೀಲಕ್ಕೆ ಹಾಕಬೇಕು. ರಾಶಿಗೆ ಮೊದಲು ನೀರು ಹೊಯ್ಯಬೇಕು, ಆಮೇಲೆ ಮುಟ್ಟಬೇಕು.

"ನೀರು ಎಲ್ಲಿಂದ ತರೋದು?" ಎಂದು ಒಬ್ಬಳು ಕೇಳಿದಳು.

"ಬೀದಿಯಲ್ಲಿ ಮನೆ ಇಲ್ವಾ ಅಕ್ಕಾ? ಕೇಳಿ ಇಸ್ಕೊಳ್ಳಿ."

ಕೈಗವಸು ಕೊಟ್ಟರು. ಹಾಕಿಕೊಂಡು ಸಾಲಾಗಿ ನಿಂತರು. ಬಾಬು ಫೋಟೋ ತೆಗೆದ. ಕೈಗವಸು ಬಿಚ್ಚಿಸಿ ಪೆಟ್ಟಿಗೆಗೆ ಹಾಕಿದ. ಹಬ್ಬದ ದಿನ ಪೆಟ್ಟಿಗೆ ಬರಲಿಲ್ಲ.

ಹಬ್ಬದ ದಿನ ಐದಕ್ಕೇ ಬರಬೇಕೆಂದು ಹೇಳಿದ್ದರು. ಹಿಂದಿನ ಸಂಜೆಯ ಪಟಾಕಿ ಕಸ ಆರೂವರೆಗೆ ಬರುವ ಲಾರಿಗೆ ಹೋಗಬೇಕಿತ್ತು. ಭೀಮಾಬಾಯಿ ಬಾಬುವಿನ ಫೋನಿಗೆ ಮುಖ ತೋರಿಸಿ ಹಾಜರಿ ಹಾಕಿಸಿಕೊಂಡಳು. ಬ್ಯಾಟರಿ ಗಾಡಿ ಅವಳ ಬೀದಿಯ ಬಾಯಿಯಲ್ಲಿ ಚೀಲ ಎಸೆದು ಹೋಯಿತು.

ಬೀದಿ ಕೆಂಪಗಿತ್ತು. ಕಾಗದದ ಚೂರು ಪಾದ ಮುಚ್ಚುವಷ್ಟು ಇತ್ತು. ಅದನ್ನು ಗುಡಿಸುವುದು ಎಲೆ ಗುಡಿಸಿದಂತಲ್ಲ. ಪೊರಕೆ ಮುಂದೆ ತಳ್ಳಿದರೆ ಚೂರು ಹಾರಿ ಹಿಂದೆ ಬೀಳುತ್ತದೆ. ಬಗ್ಗಿ ಬಗ್ಗಿ ಸೆಳೆಯಬೇಕು. ಮದ್ದಿನ ಹುಡಿ ಮೂಗಿಗೆ ಹೋಗುತ್ತದೆ, ಉಗುಳಿದರೆ ಕಪ್ಪಗೆ ಬರುತ್ತದೆ. ರಾಶಿ ಮಾಡಿದ ಮೇಲೆ ಕುಕ್ಕರಗಾಲಲ್ಲಿ ಕೂತು ಆರಿಸಬೇಕು. ಸಿಡಿದದ್ದು ಹಗುರ, ಸಿಡಿಯದ್ದು ಭಾರ. ಕತ್ತಲಲ್ಲಿ ಕಣ್ಣಿಗೆ ಗೊತ್ತಾಗುವುದಿಲ್ಲ. ಕೈಗೆ ಗೊತ್ತಾಗುತ್ತದೆ.

ವಿಶ್ವನಾಥ ಅವರ ಮನೆಯ ಗೇಟಿನ ಮುಂದೆ ರಾಶಿ ಮೊಳಕಾಲುದ್ದ ಆಯಿತು. ವಿಶ್ವನಾಥ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಬೀದಿಯ ಸಂಘದ ಕಾರ್ಯದರ್ಶಿ. ಕನ್ನಡದವರು, ಮೈಸೂರಿನ ಕಡೆಯವರು. ಭೀಮಾಬಾಯಿ ಈ ಬೀದಿಗೆ ಬಂದ ಹೊಸದರಲ್ಲಿ ಅವಳ ಬಾಯಲ್ಲಿ ಕನ್ನಡ ಕೇಳಿ, "ಅಯ್ಯೋ, ನಮ್ಮವಳೇ!" ಎಂದು ಗೇಟಿನವರೆಗೂ ಬಂದಿದ್ದರು. ಯಾವ ಊರು ಎಂದರು. ಕಲಬುರ್ಗಿ ಕಡೆ ಎಂದಳು. ಊರಲ್ಲಿ ಯಾವ ಕೇರಿ ಎಂದರು. ಹೇಳಿದಳು. ಆಮೇಲೆ ಗೇಟಿನವರೆಗೆ ಬರಲಿಲ್ಲ.

ಅವರ ಮಗ ಗಿರಿಧರ ಆ ಹೊತ್ತಿಗೆ ಬೀದಿಯಲ್ಲಿ ಬಾಂಬು ಹಚ್ಚುತ್ತಿದ್ದ. ಮೂವತ್ತು ದಾಟಿದವನು, ಗಿಂಡಿ ಬಡಾವಣೆಯಲ್ಲಿ ಆಫೀಸು. ನಾಲ್ಕು ಗಂಟೆಯಿಂದ ಆ ಬೀದಿಯಲ್ಲಿ ಬಾಂಬು ಹೊಡೆಯುತ್ತಿದ್ದವರು ಅವನೂ ಅವನ ಇಬ್ಬರು ಗೆಳೆಯರೂ. ಯಾರೋ ನಿದ್ದೆ ಕೆಟ್ಟವರು ಪೊಲೀಸಿಗೆ ಫೋನು ಮಾಡಿದ್ದರು. ಅದು ಆಮೇಲೆ ತಿಳಿಯಿತು.

ಭೀಮಾಬಾಯಿ ಗೇಟಿನ ಹತ್ತಿರ ಹೋಗಿ ಕೂಗಿದಳು. ವಿಶ್ವನಾಥರ ಹೆಂಡತಿ ಊರ್ಮಿಳಾ ಹೊರಗೆ ಬಂದರು. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರು.

"ಅಮ್ಮಾರ, ಒಂದ್ ಬಕೀಟ ನೀರ ಕೊಡ್ರೀ. ಪಟಾಕಿ ಕಸ ನೆನಸಬೇಕ್ರಿ."

"ಇವತ್ತು ಕೇಳ್ತೀಯಲ್ಲೇ? ನಿನ್ನೆ ಸಂಜೆ ನೀರು ತುಂಬೋ ಹಬ್ಬ ಮಾಡಿದೀವಿ. ಪೂಜೆ ಮಾಡಿಟ್ಟ ನೀರು. ಮನೆಯವರೆಲ್ಲರ ಸ್ನಾನ ಆಗೋವರೆಗೂ ಹೊರಗೆ ಕೊಡೋ ಹಾಗಿಲ್ಲ. ನಿಂಗೆ ಗೊತ್ತಿಲ್ವಾ, ನಮ್ಮ ಕಡೆಯವಳಾಗಿ?"

"ಹೊರಗಿನ ನಳದ ನೀರಾದ್ರೂ ನಡೀತದ್ರಿ."

"ಅದೂ ಅದೇ ಟ್ಯಾಂಕಿಂದ ಬರೋದು. ಏಳು ಗಂಟೆ ಮೇಲೆ ಬಾ. ಕಜ್ಜಾಯನೂ ಕೊಡ್ತೀನಿ."

ಏಳಕ್ಕೆ ಲಾರಿ ಹೋಗಿರುತ್ತದೆ. ಭೀಮಾಬಾಯಿ ಬೀದಿ ದಾಟಿದಳು. ಎದುರು ಮನೆಯ ಕಾವಲುಗಾರನನ್ನು ಕೇಳಿದಳು. ಮೋಟರ್ ಹಾಕಿಲ್ಲ ಎಂದ.

ಗಿರಿಧರ ಕೊನೆಯ ಬಾಂಬಿನ ಬತ್ತಿಗೆ ಕಿಡಿ ಮುಟ್ಟಿಸಿ ಓಡಿದ. ಹಸಿರು ಸುತಳಿ ಸುತ್ತಿದ ಬಾಂಬು. ಬತ್ತಿ ಸ್ವಲ್ಪ ಉರಿದು ಆರಿದಂತಾಯಿತು. ಒಳಗಿಂದ ತಾಯಿ ಸ್ನಾನಕ್ಕೆ ಕರೆದರು.

"ಪುಸ್ಸು!" ಎಂದ ಗಿರಿಧರ. ಚಪ್ಪಲಿ ಕಾಲಲ್ಲಿ ಅದನ್ನು ರಾಶಿಯತ್ತ ಒದ್ದು ಒಳಗೆ ಹೋದ.

ಭೀಮಾಬಾಯಿ ಒಂದು ಕ್ಷಣ ನಿಂತಳು. ಮತ್ತೆ ಬೇರೆ ಕಡೆಯಿಂದ ಆರಿಸಲು ಕೂತಳು. ಅರ್ಧ ಚೀಲ ತುಂಬಿದಳು. ಆ ಬಾಂಬು ಕಾಗದದ ಕೆಳಗೆ ಜಾರಿತ್ತು. ಕೈಗೆ ಭಾರವಾದದ್ದು ಸಿಕ್ಕಿತು. ಎತ್ತಿದಳು.

ಸದ್ದು ಕೇಳಿದ ನೆನಪು ಅವಳಿಗಿಲ್ಲ. ಕೈ ಇದ್ದ ಕಡೆ ಬಿಸಿ ಇತ್ತು. ಆಮೇಲೆ ಅದೂ ಇರಲಿಲ್ಲ, ಜೋಮು ಹಿಡಿದಂತಾಯಿತು. ಯಾರದೋ ಕೈ ನೋಡಿದಂತೆ ನೋಡಿದಳು. ಬ್ಯಾಟರಿ ಗಾಡಿಯಲ್ಲೇ ಆಸ್ಪತ್ರೆಗೆ ಹಾಕಿಕೊಂಡು ಹೋದರು, ಕಸದ ಡಬ್ಬಗಳ ನಡುವೆ. ಅವಳು ಹೋದ ಮೇಲೆ ವಿಶ್ವನಾಥರ ಗೇಟಿನ ಮುಂದಿನ ರಕ್ತಕ್ಕೆ ಹೊರಗಿನ ನಳದಿಂದ ಪೈಪು ಹಾಕಿ ನೀರು ಬಿಟ್ಟರಂತೆ. ಜೊತೆಯ ಹೆಂಗಸರು ಹೇಳಿದರು.

ಭೀಮಾಬಾಯಿ ತಮಿಳನ್ನು ಕಿವಿಯಿಂದ ಕಲಿತವಳು. ಗಂಡ ಕಟ್ಟಡದ ಕೆಲಸಕ್ಕೆಂದು ಕರೆತಂದು ಹದಿನೈದು ವರ್ಷವಾಗಿತ್ತು, ಅವನು ತೀರಿಕೊಂಡು ಆರು. ಎಲ್ಲ ಅರ್ಥವಾಗುತ್ತಿತ್ತು. ಮಾತಿನ ಕೊನೆ ಮಾತ್ರ ಅವಳಿಗೆ ಕೂಡಿ ಬರುತ್ತಿರಲಿಲ್ಲ. ತಮಿಳಿನಲ್ಲಿ 'ವಂದೇನ್' ಎಂದರೆ ನಾನು ಬಂದೆ, 'ವಂದುದು' ಎಂದರೆ ಅದು ಬಂತು. ಭೀಮಾಬಾಯಿಗೆ ಎಲ್ಲದಕ್ಕೂ 'ಏನ್' ಬರುತ್ತಿತ್ತು. ಬಸ್ಸು ಬಂತು ಅನ್ನಲು ಬಸ್ ವಂದೇನ್ ಎನ್ನುತ್ತಿದ್ದಳು. ಮಳೆ ಬಂತು ಅನ್ನಲು ಮಳೆ ಪೆಂಜೇನ್ ಎನ್ನುತ್ತಿದ್ದಳು. ನಾನೇ ಮಳೆ ಸುರಿದೆ ಎಂದಂತೆ.

ಶೆಡ್ಡಿನಲ್ಲಿ ಅದೇ ದೊಡ್ಡ ತಮಾಷೆ. ಮೋಡ ಕಂಡರೆ ಬಾಬು ಕೂಗುತ್ತಿದ್ದ. "ಭೀಮಾ ಅಕ್ಕಾ, ಇವತ್ತು ಸುರೀಬೇಡ! ಕೊಡೆ ತಂದಿಲ್ಲ ನಾನು!" ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆಸ್ಪತ್ರೆಯಲ್ಲಿ ಕೈಗೆ ಬಟ್ಟೆ ಸುತ್ತಿ ಬೆಂಚಿನ ಮೇಲೆ ಕೂರಿಸಿದ್ದರು. ಪೊಲೀಸಿನವನೊಬ್ಬ ಬಂದ. ಬಾಬು ಪಕ್ಕದಲ್ಲಿ ನಿಂತಿದ್ದ.

"ಏನಾಯ್ತಮ್ಮಾ?" ಎಂದು ಪೊಲೀಸಿನವನು ತಮಿಳಿನಲ್ಲಿ ಕೇಳಿದ.

"ವೆಡಿಚ್ಚೇನ್ ಸಾರ್," ಎಂದಳು.

ಸಿಡಿಯಿತು ಎನ್ನಬೇಕೆಂದು ಹೊರಟವಳು. 'ವೆಡಿಚ್ಚುದು' ಎಂದಿದ್ದರೆ ಅದು ಸಿಡಿಯಿತು ಎಂದಾಗುತ್ತಿತ್ತು. 'ವೆಡಿಚ್ಚೇನ್' ಎಂದರೆ ನಾನು ಸಿಡಿಸಿದೆ.

"ನೀನೇನಾ?"

"ನಾನ್ ತಾನ್ ಸಾರ್. ಕೈಯಿಲ ವೆಡಿಚ್ಚೇನ್." ಗಾಯ ನಿನಗೇನಾ ಎಂದು ಕೇಳಿದನೆಂದುಕೊಂಡು, ನಾನೇ, ಕೈಯಲ್ಲೇ ಎಂದಳು.

ಪೊಲೀಸಿನವನು ಬಾಬುವಿನ ಮುಖ ನೋಡಿದ. ಬಾಬು ಸುಮ್ಮನಿದ್ದ. ಪೊಲೀಸಿನವನು ಎಷ್ಟು ಗಂಟೆಗೆ ಎಂದ. ಗಂಟೆಯನ್ನು ಬಾಬುವೇ ಹೇಳಿದ, "ಐದೂ ನಲವತ್ತು ಸಾರ್." ಪೊಲೀಸಿನವನು ಬರೆದುಕೊಂಡು ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡ. ಆ ಬೀದಿಯಿಂದ ದೂರು ಹೋಗಿತ್ತು. ದೂರಿಗೆ ಒಂದು ಹೆಸರು ಬೇಕಿತ್ತು. ಸಿಕ್ಕಿತು.

ಅವಳು ತಮಿಳು ಹೇಗೆ ಆಡುತ್ತಾಳೆಂದು ಆ ಬೆಂಚಿನ ಹತ್ತಿರ ಬಾಬುವಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಕೋರ್ಟಿನ ಕಾಗದ ಬಂದ ಸಂಜೆ ಬಾಬು ಅವಳ ಮನೆಗೆ ಬಂದ. ಪೋರೂರು ಕೆರೆಯ ಹಿಂದುಗಡೆ ತಗಡಿನ ಮಾಡಿನ ಒಂದು ಕೋಣೆ. ಬಾಬುವಿನ ಹಿಂದೆ ವಿಶ್ವನಾಥರೂ ಬಂದಿದ್ದರು. ಹೊಸ್ತಿಲ ಹೊರಗೇ ನಿಂತರು. ಜ್ಯೋತಿ ಕುರ್ಚಿ ಹಾಕಿದಳು. "ಪರವಾಗಿಲ್ಲಮ್ಮ, ಈಗಷ್ಟೇ ಕೂತು ಬಂದೆ," ಎಂದರು.

ಬಾಬು ನಗುತ್ತಲೇ ಶುರು ಮಾಡಿದ. "ಏನಕ್ಕಾ ನೀನು? ಇನ್ನಿಪ್ಪತ್ತು ನಿಮಿಷ ತಡೆದು ಸಿಡಿಸಿದ್ರೆ ಕೇಸೇ ಇರ್ತಿರ್ಲಿಲ್ಲ."

ಜ್ಯೋತಿ ಅವನನ್ನು ನೋಡಿದಳು. ಅವನು ನಗು ನಿಲ್ಲಿಸಿದ.

"ಸಣ್ಣ ಕೇಸಕ್ಕಾ. ಹೋಗಿ ಒಪ್ಕೊಂಡ್ರೆ ಐದು ನಿಮಿಷ. ದಂಡ ನಾವೇ ಕಟ್ತೀವಿ. ಶೆಡ್ಡಲ್ಲಿ ಕೂತು ಕಸ ಬೇರೆ ಮಾಡೋ ಕೆಲಸ ಕೊಡಿಸ್ತೀನಿ. ಕೆಲಸದ ಹೊತ್ತಲ್ಲಿ ಆಯ್ತು ಅಂತ ಮಾತ್ರ ಅನ್ಬೇಡ. ಅಂದ್ರೆ ಕಂಪನಿಗೆ ತೊಂದರೆ, ವಿಚಾರಣೆ, ಎಲ್ಲರ ಹೊಟ್ಟೆಗೂ ಕಲ್ಲು."

"ನಾ ಗುಡಸಾಕತ್ತಿದ್ದೆ," ಎಂದಳು ಭೀಮಾಬಾಯಿ.

ಬಾಬು ವಿಶ್ವನಾಥರತ್ತ ತಿರುಗಿದ. ನಿಮ್ಮ ಭಾಷೆಯಲ್ಲಿ ಹೇಳಿ ಸಾರ್ ಎಂಬಂತೆ ಕೈ ಮಾಡಿದ.

ವಿಶ್ವನಾಥರು ಗಂಟಲು ಸರಿಮಾಡಿಕೊಂಡರು. "ನೋಡು ಭೀಮಾ, ಪರವೂರಲ್ಲಿ ಇದೀವಿ ನಾವು. ಇಲ್ಲಿ ನಮ್ಮವರು ಅಂತ ಇರೋದೇ ನಾಲ್ಕು ಜನ. ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ. ಒಪ್ಕೊಂಡ್ಬಿಡು. ಒಂದು ಮಾತು, ಮುಗೀತು. ಬೀದಿಯಲ್ಲಿ ಎಲ್ಲರಿಗೂ ಸಾಕಾಗಿದೆ ಈ ಪೊಲೀಸು ಗಿಲೀಸು."

"ನಿಮ್ಮ ಮಗ ಹಚ್ಚಿದ್ದ್ರಿ ಅದು."

"ಯಾರು ಹಚ್ಚಿದ್ದು ಅಂತ ಹೇಗೆ ಹೇಳ್ತೀಯಾ? ಬೀದಿ ತುಂಬ ಹಚ್ಚಿದಾರೆ."

"ನಾ ನೀರ ಕೇಳಿದ್ನಲ್ರಿ."

ವಿಶ್ವನಾಥರು ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರ್ ನೋಡಿದರು. "ಅದೆಲ್ಲ ಈಗ ಯಾಕೆ ತೆಗೀತೀಯ? ಅದು ಪದ್ಧತಿ. ನಿನಗೇ ಗೊತ್ತಿರೋದು."

ಅವರು ಹೋದ ಮೇಲೆ ಜ್ಯೋತಿ ಬಾಗಿಲು ಹಾಕಿದಳು. ಅವಳು ಅಂಬತ್ತೂರಿನಲ್ಲಿ ಬಿಡಿಭಾಗದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಇಲ್ಲೇ ಓದಿದವಳು. ತಾಯಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು.

"ಉಟ್ಟುಡು ಅಮ್ಮಾ," ಎಂದಳು. ಬಿಟ್ಟುಬಿಡು. "ಒಪ್ಪಿಕೊಂಡರೆ ಕೆಲಸವಾದರೂ ಉಳಿಯುತ್ತೆ. ಇವರ ಜೊತೆ ಯಾರಿಂದ ಆಗುತ್ತೆ?"

ಮಗಳು ಅನ್ನ ಕಲಸಿ ತಟ್ಟೆ ಮುಂದಿಟ್ಟಳು. ಎಡಗೈಯಲ್ಲಿ ಉಣ್ಣಲು ಭೀಮಾಬಾಯಿಗೆ ಇನ್ನೂ ಮನಸ್ಸು ಒಪ್ಪುತ್ತಿರಲಿಲ್ಲ. ಚಮಚದಲ್ಲಿ ಉಂಡಳು. ಚಮಚ ಹಲ್ಲಿಗೆ ತಾಗಿ ಸದ್ದಾಗುತ್ತಿತ್ತು.

ಮಾರನೆಯ ದಿನ ಬಾಬು ಹೇಳಿದಂತೆ ಶೆಡ್ಡಿಗೆ ಹೋದಳು. ಕೊಳೆತದ್ದು ಒಂದು ಕಡೆ, ಪ್ಲಾಸ್ಟಿಕ್ಕು ಒಂದು ಕಡೆ. ಒಂದು ಕೈಯಲ್ಲಿ ಬೇರೆ ಮಾಡುವಳು. ಪಕ್ಕದವರು ಎರಡು ರಾಶಿ ಮುಗಿಸುವಾಗ ಅವಳದು ಅರ್ಧ ಮುಗಿದಿರುತ್ತಿತ್ತು. ಯಾರೂ ಬೈಯಲಿಲ್ಲ. ಮೋಡ ಬಂದಾಗ ಯಾರೂ ತಮಾಷೆ ಮಾಡಲಿಲ್ಲ. ಅವಳು ಶೆಡ್ಡಿನಲ್ಲಿ ತಮಿಳು ಮಾತಾಡುವುದನ್ನೇ ಬಿಟ್ಟಿದ್ದಳು. ತಲೆಯಾಡಿಸಿಯೇ ಉತ್ತರ ಕೊಡುತ್ತಿದ್ದಳು.

ಕೋರ್ಟಿನ ದಿನ ಜ್ಯೋತಿ ರಜೆ ಹಾಕಿ ಬಂದಳು. ಬಾಬು ದಂಡ ಕಟ್ಟಲು ಬಂದಿದ್ದ. ವಿಶ್ವನಾಥರನ್ನೂ ಕಾರಿನಲ್ಲಿ ಕರೆತಂದಿದ್ದ. ಇವಳು ತಬ್ಬಿಬ್ಬಾದರೆ ಧೈರ್ಯ ಹೇಳಲಿಕ್ಕೆ ಎಂದ.

ಒಪ್ಪಿಕೊಳ್ಳುವವರ ಸಾಲು ಬೇಗ ಬೇಗ ಸಾಗುತ್ತಿತ್ತು. ಕುಡಿದು ಗಲಾಟೆ ಮಾಡಿದವನು. ಫುಟ್‌ಪಾತಿನಲ್ಲಿ ತಳ್ಳುಗಾಡಿ ನಿಲ್ಲಿಸಿದವನು. ಹೊತ್ತಲ್ಲದ ಹೊತ್ತಿನಲ್ಲಿ ಪಟಾಕಿ ಹೊಡೆದವರು ಏಳೆಂಟು ಜನ. ಎಲ್ಲರೂ ರಬ್ಬರ್ ಚಪ್ಪಲಿಯವರು. ಗುಮಾಸ್ತ ಹೆಸರು ಕೂಗುವನು. ಮ್ಯಾಜಿಸ್ಟ್ರೇಟ್ ಕನ್ನಡಕದ ಹೆಂಗಸು. ತಲೆ ಎತ್ತದೆ ಕೇಳುವರು. "ಒತ್ತುಕ್ಕಿರೇನ್ ಅಮ್ಮಾ," ಒಪ್ಪಿಕೊಳ್ಳುತ್ತೇನೆ, ಎಂದು ಎದುರು ನಿಂತವನು ಅನ್ನುವನು. ಮುಂದಿನವನು ಬರುವನು. ಯಾರೂ ಎರಡನೆಯ ಮಾತು ಆಡಲಿಲ್ಲ.

"ಭೀಮಾಬಾಯಿ!"

ಹೋಗಿ ನಿಂತಳು. ಗುಮಾಸ್ತ ಓದಿದ. ಐದು ಗಂಟೆ ನಲವತ್ತು ನಿಮಿಷ, ಪಟಾಕಿ, ಸರ್ಕಾರದ ಆದೇಶ. ಒಪ್ಪಿಕೊಳ್ಳುತ್ತೀರಾ ಎಂದು ಮ್ಯಾಜಿಸ್ಟ್ರೇಟ್ ತಮಿಳಿನಲ್ಲಿ ಕೇಳಿದರು.

ಭೀಮಾಬಾಯಿ ಬಾಯಿ ತೆರೆಯಲಿಲ್ಲ.

"ಕೇಳಿಸ್ತಾಮ್ಮಾ?" ಎಂದ ಗುಮಾಸ್ತ.

"ನನಗ ತಮಿಳ್ ಬರೂದಿಲ್ರಿ," ಎಂದಳು ಕನ್ನಡದಲ್ಲಿ.

ಹಿಂದೆ ಬಾಬು ನಕ್ಕ. "ಹದಿನೈದು ವರ್ಷದಿಂದ ಮಾತಾಡ್ತಿದಾಳೆ ಸಾರ್ ಈ ಅಕ್ಕ!" ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತ ಸಿಡುಕಿದ. ಇನ್ನೂ ಅರವತ್ತು ಕೇಸಿತ್ತು.

"ನನ್ನ ಮಾತಿನಾಗ ಹೇಳ್ತೀನ್ರಿ. ತಿಳಿಯೋರನ್ನ ಕರಸ್ರಿ."

ಮ್ಯಾಜಿಸ್ಟ್ರೇಟ್ ಅವತ್ತು ಮೊದಲ ಸಲ ತಲೆ ಎತ್ತಿದರು. ಕೈಗೆ ಸುತ್ತಿದ ಬಟ್ಟೆ ನೋಡಿದರು. ಯಾವ ಭಾಷೆ ಎಂದರು. ಕನ್ನಡ ಎಂದಳು ಜ್ಯೋತಿ ಹಿಂದಿನಿಂದ. ಇಲ್ಲಿ ಯಾರಿಗಾದರೂ ಬರುತ್ತದೆಯೇ ಎಂದು ಕೇಳಿದರು. ಬಾಬು ವಿಶ್ವನಾಥರ ಬೆನ್ನು ಮುಟ್ಟಿದ. "ಈ ಸಾರ್‌ಗೆ ಬರುತ್ತೆ ಅಮ್ಮಾ, ಬ್ಯಾಂಕಿನವರು."

ವಿಶ್ವನಾಥರು ಮುಂದೆ ಬಂದು ಅವಳಿಂದ ಒಂದು ಮಾರು ದೂರ ನಿಂತರು. "ಒಪ್ಕೋತೀನಿ ಅಂತ ಹೇಳಮ್ಮಾ. ಸಾಕು."

"ಒಪ್ಪೂದಿಲ್ರಿ."

ವಿಶ್ವನಾಥರು ಮ್ಯಾಜಿಸ್ಟ್ರೇಟ್ ಕಡೆ ತಿರುಗಿದರು. ಆಮೇಲೆ ತಮಿಳಿನಲ್ಲಿ, "ಬಡ ಹೆಂಗಸು ಮೇಡಂ. ತಪ್ಪಾಯ್ತು, ದಯೆ ತೋರಿಸಿ ಅಂತಾಳೆ," ಎಂದರು.

"ನಾ ಹಂಗ ಅಂದಿಲ್ರಿ," ಎಂದಳು ಭೀಮಾಬಾಯಿ.

ಸಾಲಿನಲ್ಲಿ ಯಾರೂ ನಗಲಿಲ್ಲ. ಮ್ಯಾಜಿಸ್ಟ್ರೇಟ್ ಪೆನ್ನು ಕೆಳಗಿಟ್ಟರು. "ಅವರು ಹೇಳಿದ್ದನ್ನು ಹೇಳಿದ ಹಾಗೆ ಹೇಳಿ."

"ಒಪ್ಪುವುದಿಲ್ಲ ಅಂತಾಳೆ," ಎಂದರು ವಿಶ್ವನಾಥರು.

"ನಾ ಸಿಡಿಸಿಲ್ಲ. ಅದು ಸಿಡೀತು. ಗುಡಸೂ ಕೆಲಸದಾಗ ಸಿಡೀತು. ಹೇಳ್ರಿ."

ಅವರು ಹೇಳಿದರು. ಮೆಲ್ಲಗೆ ಹೇಳಿದರು. "ಜೋರಾಗಿ ಹೇಳಿ," ಎಂದ ಗುಮಾಸ್ತ.

"ಹಚ್ಚಿದ್ದು ಇವ್ರ ಮಗ. ಹೇಳ್ರಿ."

ವಿಶ್ವನಾಥರ ಕತ್ತಿನ ಮೇಲೆ ಬೆವರು ಇಳಿಯಿತು. ಬಾಬು ಫೋನು ನೋಡುವವನಂತೆ ಬಾಗಿಲ ಕಡೆ ಸರಿದ.

"ನೀರ ಕೇಳಿದೆ. ಇವ್ರ ಮನೀ ಬಾಗಲದಾಗ ನಿಂತು ಕೇಳಿದೆ. ಕೊಡಲಿಲ್ಲ. ಹೇಳ್ರಿ."

ಅವಳ ದನಿ ಏರಲಿಲ್ಲ. ಇಳಿಯಲೂ ಇಲ್ಲ. ಕಸದ ರಾಶಿ ಬೇರೆ ಮಾಡುವವಳಂತೆ ಒಂದೊಂದೇ ಮಾತು ತೆಗೆದು ಇಡುತ್ತಿದ್ದಳು. ಇಷ್ಟು ವರ್ಷದಲ್ಲಿ ಆ ಮನೆಯವರಿಗೆ ಅವಳು ಹೇಳಿದ್ದು ಕೊಡ್ರಿ, ಬರ್ತೀನ್ರಿ, ಅಷ್ಟೆ. ಹೇಳ್ರಿ ಎಂದದ್ದು ಇದೇ ಮೊದಲು.

"ಮೇಡಂ, ನಾನು ಕೋರ್ಟು ಕಚೇರಿಯವನಲ್ಲ," ಎಂದರು ವಿಶ್ವನಾಥರು. "ಏನೋ ಸಹಾಯಕ್ಕೆ ಅಂತ ಬಂದವನು. ಇದೆಲ್ಲ ನನ್ನಿಂದ ಆಗಲ್ಲ."

ಹಿಂದಿನಿಂದ ಜ್ಯೋತಿ ತಮಿಳಿನಲ್ಲಿ ಹೇಳಿದಳು. ಪೂರ್ತಿ ಹೇಳಿದಳು. ಇವರ ಮಗ ಹಚ್ಚಿ ಒದ್ದ ಬಾಂಬು. ಅಮ್ಮ ನೀರು ಕೇಳಿದಳು. ಪೂಜೆಯ ನೀರು ಅಂತ ಕೊಡಲಿಲ್ಲ. ಕಂಪನಿಯವರು ಕೈಗವಸು ಕೊಡಲಿಲ್ಲ. ಗುಮಾಸ್ತ ನೀನು ಯಾರು, ನಡುವೆ ಮಾತಾಡಬೇಡ ಎಂದ. "ಮಗಳು," ಎಂದಳು. ಕೊನೆಯ ಮಾತನ್ನೂ ಮುಗಿಸಿಯೇ ನಿಲ್ಲಿಸಿದಳು.

ಮ್ಯಾಜಿಸ್ಟ್ರೇಟ್ ಬರೆದರು. ಬಹಳ ಹೊತ್ತು ಬರೆದರು. ಆರೋಪಿ ತಪ್ಪು ಒಪ್ಪಿಲ್ಲ. ಕನ್ನಡ ಬಲ್ಲ ಅಧಿಕೃತ ದುಭಾಷಿಯನ್ನು ಇಟ್ಟು ಮತ್ತೆ ಕೇಳಬೇಕು. ಮುಂದಿನ ತಿಂಗಳು ಹದಿನಾಲ್ಕು.

ಸಾಲು ನಿಂತುಬಿಟ್ಟಿತ್ತು. ಭೀಮಾಬಾಯಿಯ ಹಿಂದೆ ಇದ್ದವನು ಪಟಾಕಿ ಕೇಸಿನವನೇ, ಮೀನು ಮಾರುವ ಮುದುಕ. ಗುಮಾಸ್ತ ಅವನ ಹೆಸರು ಎರಡು ಸಲ ಕೂಗಬೇಕಾಯಿತು. ಅವನು ಭೀಮಾಬಾಯಿಯನ್ನೇ ನೋಡುತ್ತಿದ್ದ. ಆಮೇಲೆ ಹೋಗಿ ಒಪ್ಪಿಕೊಂಡ.

ಹೊರಗೆ ಜಗಲಿಯಲ್ಲಿ ವಿಶ್ವನಾಥರು ಕಾರಿಗೆ ಕಾಯುತ್ತಿದ್ದರು. "ಇಷ್ಟು ಮಾಡಬೇಕಿತ್ತಾ ಭೀಮಾ? ನಾನು ನಿನಗೋಸ್ಕರ ಬಂದವನು," ಎಂದರು. ಅವರ ದನಿಯಲ್ಲಿ ನಿಜವಾಗಿಯೂ ನೋವಿತ್ತು. ಅವಳು ಅವರನ್ನು ದಾಟಿ ಜಗಲಿಯ ಮೆಟ್ಟಿಲ ಕಡೆ ನಡೆದಳು.

ಬಾಬು ಹತ್ತಿರ ಬಂದ. ಈಗ ಅವನ ಬಾಯಲ್ಲಿ ಅಕ್ಕ ಇರಲಿಲ್ಲ.

"ನಾಳೆಯಿಂದ ಶೆಡ್ಡಿಗೆ ಬರಬೇಡ. ಮೇಲಿನವರು ಹೇಳೋದಕ್ಕೆ ಮುಂಚೆ ನಾನೇ ಹೇಳ್ತಿದೀನಿ. ಹದಿನಾಲ್ಕಕ್ಕೆ ನೀನು ಇಲ್ಲಿಗೆ ಬರ್ಲಿಲ್ಲ ಅಂದ್ರೆ, ಯೋಚನೆ ಮಾಡೋಣ. ಬಂದ್ರೆ, ಈ ಜನ್ಮದಲ್ಲಿ ಯಾವ ವಾರ್ಡಲ್ಲೂ ಪೊರಕೆ ಹಿಡಿಯಲ್ಲ ನೀನು."

ಜ್ಯೋತಿ ತಾಯಿಯ ಮುಖ ನೋಡಿದಳು. ಅಲ್ಲಿ ಏನೂ ಕಾಣಲಿಲ್ಲ. ಬಟ್ಟೆಯೊಳಗೆ ಇಲ್ಲದ ಬೆರಳು ತುರಿಸುತ್ತಿರಬೇಕು, ಎಡಗೈಯಿಂದ ಬಟ್ಟೆಯನ್ನು ಒತ್ತಿ ಹಿಡಿದಿದ್ದಳು.

ಭೀಮಾಬಾಯಿ ತಿರುಗಿ ಒಳಗೆ ಹೋದಳು. ಬಾಬು ಹಿಂದಿನಿಂದ ಏನೋ ಕೂಗಿದ. ಅವಳು ಸಾಲಿನ ಪಕ್ಕದಲ್ಲಿ ನಡೆದು ಗುಮಾಸ್ತನ ಮೇಜಿನವರೆಗೆ ಹೋದಳು. ಅವನು ತಲೆ ಎತ್ತುವವರೆಗೂ ನಿಂತಳು.

"ಹದಿನಾಲ್ಕಕ್ಕ," ಎಂದಳು, "ಎಷ್ಟ್ ಗಂಟೀಗೆ ಬರ್ಬೇಕ್ರೀ?"